ಸಿಲೊವಾಂ ಗೋಪುರವೂ ತಾಳಿಕೋಟೆಯ ಚಳಿಗಾಲವೂ

ಟಿಕೋಟದ ಆಚೆ, ದ್ರಾಕ್ಷಿ ತೋಟಗಳ ನಡುವಿನ ಒಂದು ಮನೆಯಲ್ಲಿ, ಕಳೆದ ಜನವರಿಯ ಒಂದು ಸಂಜೆ ಪ್ರಾರ್ಥನಾಕೂಟ ಮುಗಿದ ಮೇಲೆ ಒಬ್ಬ ಯುವಕ ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. ಆತ ವಿಜಯಪುರದ ಕಾಲೇಜೊಂದರಲ್ಲಿ ಇತಿಹಾಸ ಓದುತ್ತಿದ್ದಾನೆ. “ಫಾದರ್, ತಾಳಿಕೋಟಿ ಕದನದಾಗ ದೇವರು ಯಾರ ಕಡೆ ಇದ್ದ?” ಎಂದ. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಅದೇ ವಾರ ಅವನ ತರಗತಿಯಲ್ಲಿ ಈ ವಿಷಯಕ್ಕೆ ಜಗಳವಾಗಿತ್ತು. ಒಂದು ಬೆಂಚಿನವರು ಆ ಯುದ್ಧವನ್ನು ತಮ್ಮ ಸೋಲೆಂದೂ ಇನ್ನೊಂದು ಬೆಂಚಿನವರು ತಮ್ಮ ಗೆಲುವೆಂದೂ ಮನೆಯ ಲೆಕ್ಕಕ್ಕೆ ಬರೆದುಕೊಂಡಿದ್ದರು. ಎರಡೂ ಬೆಂಚಿಗೆ ಸೇರದ ಈ ಹುಡುಗನಿಗೆ ತಾನು ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿದಿರಲಿಲ್ಲ. ಆ ಹೊತ್ತಿಗೆ ನಾವು ಕೊಟ್ಟ ಉತ್ತರ ಅವನಿಗೆ ಸಮಾಧಾನ ತರಲಿಲ್ಲ, ನಮಗೂ ತರಲಿಲ್ಲ.

ಪ್ರಬೋಧನಾ ಪೀಠದಿಂದ ಇತಿಹಾಸದ ದೃಷ್ಟಾಂತಗಳನ್ನು ಎತ್ತಿ ಆಡುವುದು ಗುರುಗಳಾದ ನಮಗೆಲ್ಲ ಅಭ್ಯಾಸವಾಗಿದೆ. ಬಿದ್ದ ಸಾಮ್ರಾಜ್ಯ, ಅಹಂಕಾರದ ಅರಸ, ಒಂದೇ ದಿನದಲ್ಲಿ ಹಾಳಾದ ಪಟ್ಟಣ: ಇವು ಪ್ರಬೋಧಕನ ಕೈಗೆ ಸುಲಭವಾಗಿ ಒದಗುವ ಸರಕು. ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆ ಸಲ್ಲಿಸುವವರಿಗಂತೂ ತಾಳಿಕೋಟೆ ಕಾಲಡಿಯಲ್ಲೇ ಇದೆ. ಆದ್ದರಿಂದ ಆ ಯುದ್ಧದ ಬಗ್ಗೆ ನಿಜಕ್ಕೂ ಏನು ತಿಳಿದಿದೆ, ಅದನ್ನು ನಮಗೆ ಹೇಳಿದವರು ಯಾರು, ಹೇಳುವಾಗ ಅವರು ಎಲ್ಲಿ ನಿಂತಿದ್ದರು ಎಂಬುದನ್ನು ಮೊದಲು ವಿಚಾರಿಸುವುದು ಲೇಸು.

ಯುದ್ಧ ನಡೆದದ್ದು 1565ನೆಯ ಇಸವಿ ಜನವರಿ 23ರ ಮಂಗಳವಾರ. ಹೆಸರೇ ಮೊದಲ ತೊಡಕು. ತಾಳಿಕೋಟೆ ಎಂಬ ಊರು ವಿಜಯಪುರದಿಂದ ಆಗ್ನೇಯಕ್ಕೆ ಡೋಣಿ ನದಿಯ ದಂಡೆಯಲ್ಲಿದೆ. ಸುಲ್ತಾನರ ಸೈನ್ಯಗಳು ಬೀಡುಬಿಟ್ಟದ್ದು ಅಲ್ಲಿ. ಕಾದಾಟ ನಡೆದ ಸ್ಥಳ ಅದಕ್ಕೂ ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ. 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ರಾಬರ್ಟ್ ಸೀವೆಲ್ ನದಿಯ ದಕ್ಷಿಣ ದಂಡೆಯಿಂದ ಮುದಗಲ್ಲಿಗೆ ಹೋಗುವ ದಾರಿಯನ್ನು ಬೆರಳಿಟ್ಟು ತೋರಿಸಿದ. 1927ರಲ್ಲಿ ಅರವೀಡು ಮನೆತನದ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಯೇಸುಸಭೆಯ ಗುರು ಹೆನ್ರಿ ಹೆರಾಸ್ ಅವರು ಉತ್ತರ ದಂಡೆಯ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರನ್ನು ಹಿಡಿದರು. ಕನ್ನಡದ ಬಖೈರಿನಲ್ಲಿ ಬರುವುದೂ ಅದೇ ಹೆಸರು; ಗಿರೀಶ ಕಾರ್ನಾಡರು 2018ರ ತಮ್ಮ ಕೊನೆಯ ನಾಟಕಕ್ಕೆ ‘ರಾಕ್ಷಸ ತಂಗಡಿ’ ಎಂದು ಹೆಸರಿಟ್ಟದ್ದೂ ಅಲ್ಲಿಂದಲೇ. ಬನ್ನಿಹಟ್ಟಿ ಎನ್ನುವವರೂ ಇದ್ದಾರೆ. ಒಂದು ಸಾಮ್ರಾಜ್ಯದ ಗತಿಯನ್ನು ಬದಲಿಸಿದ ಯುದ್ಧಕ್ಕೆ ಒಪ್ಪಿತವಾದ ಒಂದು ಸ್ಥಳವಿಲ್ಲ. ಸ್ಥಳದ ವಿಷಯದಲ್ಲೇ ಹೀಗಿರುವಾಗ ಕಾರಣದ ವಿಷಯದಲ್ಲಿ ನಾವು ತೋರುವ ಖಚಿತತೆ ಸೋಜಿಗದ್ದು.

ಚಳಿಗಾಲದ ಯುದ್ಧವೆಂದೊಡನೆ ನಮ್ಮ ಕಾಲದವರ ಕಣ್ಣ ಮುಂದೆ ಬರುವುದು ಹಿಮ; 1942–43ರ ಸ್ತಾಲಿನ್‌ಗ್ರಾದಿನಲ್ಲಿ ಚಳಿಯೇ ಮೂರನೆಯ ಸೈನ್ಯದಂತೆ ಕಾದಿತು. ನಮ್ಮ ನೆಲದಲ್ಲಿ ಚಳಿಗಾಲ ಯುದ್ಧಕ್ಕೆ ಅಡ್ಡಿಯಾಗಿರಲಿಲ್ಲ, ಅದೇ ಯುದ್ಧದ ಹಂಗಾಮು. ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟು ಸಾರವಾಡದ ಹತ್ತಿರ ಡೋಣಿಯನ್ನು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಎರೆಭೂಮಿ ಮಳೆಗಾಲದಲ್ಲಿ ಮನುಷ್ಯನ ಕಾಲನ್ನೇ ಬಿಡದು, ತೋಪಿನ ಗಾಲಿಯನ್ನು ಬಿಟ್ಟೀತೆ? ಸಹ್ಯಾದ್ರಿಯ ಮಳೆನೀರು ಹೊತ್ತು ಬರುವ ಕೃಷ್ಣೆ ಆ ತಿಂಗಳುಗಳಲ್ಲಿ ಹಾಯಲಾಗದ ಹೊಳೆ. ಮಾರ್ಗಶಿರ, ಪುಷ್ಯಗಳಿಗೆ ನೆಲ ಗಟ್ಟಿಯಾಗುತ್ತದೆ, ಹೊಳೆ ಇಳಿಯುತ್ತದೆ, ಹಾಯ್ಗಡಗಳು ತೆರೆಯುತ್ತವೆ, ಕುದುರೆಗೆ ಮೇವು ಹೊಲದಲ್ಲೇ ನಿಂತಿರುತ್ತದೆ. ಮಹಾನವಮಿಯಂದು ವಿಜಯನಗರದಲ್ಲಿ ಸೈನ್ಯದ ದೊಡ್ಡ ಪ್ರದರ್ಶನ ನಡೆಯುತ್ತಿದ್ದುದೂ ಇದೇ ಲೆಕ್ಕಾಚಾರದಿಂದ.

ಮೇವು ಹೊಲದಲ್ಲಿ ನಿಂತಿರುತ್ತದೆ ಎಂದೆವು. ಯಾರ ಹೊಲದಲ್ಲಿ? ಫೆರಿಷ್ತಾ ಎಂಬ ಪರ್ಷಿಯನ್ ಇತಿಹಾಸಕಾರ ಈ ಯುದ್ಧದ ಅತ್ಯಂತ ವಿವರವಾದ ವರದಿಯನ್ನು ಬಿಟ್ಟುಹೋಗಿದ್ದಾನೆ. ಅಹ್ಮದ್‌ನಗರವನ್ನು ತೊರೆದು 1589ರಲ್ಲಿ ವಿಜಯಪುರಕ್ಕೆ ಬಂದು, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ 17ನೆಯ ಶತಮಾನದ ಮೊದಲ ದಶಕದಲ್ಲಿ ತನ್ನ ಗ್ರಂಥವನ್ನು ರೂಪಿಸಿದವನು. ಅವನ ಪ್ರಕಾರ ಸುಲ್ತಾನರು ವಿಜಯಪುರದ ಬಯಲಿನಲ್ಲಿ ಕೂಡಿ, ಹಿಜರಿ ಲೆಕ್ಕವನ್ನು ಪರಿವರ್ತಿಸಿದರೆ 1564ರ ಡಿಸೆಂಬರ್ 26ರಂದು ಅಲ್ಲಿಂದ ದಂಡೆತ್ತಿ ಹೊರಟರು. (ಕ್ರಿಸ್ತಜಯಂತಿಯ ಮರುದಿನ ಅದು, ಗೋವೆಯ ದೇವಾಲಯಗಳಲ್ಲಿ ಆ ದಿನ ಮೊದಲ ರಕ್ತಸಾಕ್ಷಿ ಸಂತ ಸ್ತೆಫಾನರ ಹಬ್ಬ.) ತಾಳಿಕೋಟೆಗೆ ಬಂದಾಗ, ನೆಲ ತನ್ನದಾದ್ದರಿಂದ ಅಲಿ ಆದಿಲ್ ಶಾಹ ಉಳಿದ ಅರಸರಿಗೆ ಆತಿಥೇಯನಾಗಿ ನಿಂತು, ಪಾಳೆಯಕ್ಕೆ ಧಾನ್ಯ ಕಳುಹಿಸುವಂತೆ ತನ್ನ ರಾಜ್ಯದ ಎಲ್ಲ ಭಾಗಗಳಿಗೂ ಆಜ್ಞೆ ಹೊರಡಿಸಿದನೆಂದು ಫೆರಿಷ್ತಾ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾನೆ.

ಆ ಒಂದು ವಾಕ್ಯದ ಬಳಿ ನಾವು ಸ್ವಲ್ಪ ನಿಲ್ಲಬೇಕು. ರಾಜಧಾನಿಗೆ ಅತ್ಯಂತ ಹತ್ತಿರದ ಕಣಜವೆಂದರೆ ಇಂದಿನ ಬಬಲೇಶ್ವರ, ಟಿಕೋಟ ತಾಲ್ಲೂಕುಗಳ ಎರೆಹೊಲಗಳು ಮತ್ತು ಡೋಣಿಯ ಕಣಿವೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬುದು ಈ ಸೀಮೆಯ ಮಾತು. ಆದರೆ ಹಿಂಗಾರಿ ಜೋಳ ಡಿಸೆಂಬರ್ ಕೊನೆಯಲ್ಲಿ ಇನ್ನೂ ಹಾಲುಗಾಳು. ಸೀತನಿ ತಿನ್ನುವ ಕಾಲ, ಸುಗ್ಗಿಗೆ ಇನ್ನೂ ಒಂದೂವರೆ ಎರಡು ತಿಂಗಳು ಬೇಕು. ಹಾಗಾದರೆ ಆ ಆಜ್ಞೆಯ ಮೇರೆಗೆ ತಾಳಿಕೋಟೆಗೆ ಹೋದ ಧಾನ್ಯ ಹೊಸ ಬೆಳೆಯಾಗಿರಲು ಸಾಧ್ಯವಿಲ್ಲ. ಹೋದ ವರ್ಷದ ಜೋಳ, ಹಗೇವುಗಳಲ್ಲಿ ಬರಗಾಲಕ್ಕೆಂದು ತುಂಬಿಟ್ಟದ್ದು, ಬಾಯಿ ತೆರೆದು ಹೊರಗೆ ಬಂದಿರಬೇಕು. ಇದು ನಮ್ಮ ಊಹೆ. ಆದರೆ ಒಕ್ಕಲುತನ ಬಲ್ಲ ಯಾರೂ ಬೇರೆ ಊಹೆ ಮಾಡಲಾರರು. ಎರಡು ಬೆಂಚುಗಳ ಜಗಳದಲ್ಲಿ ಈ ಹಗೇವುಗಳ ಮಾತು ಬಂದಿರಲಾರದು. ಅವುಗಳ ಒಡೆಯರು ಯಾವ ದೇವರನ್ನು ಪೂಜಿಸುತ್ತಿದ್ದರೆಂದು ಪಾಳೆಯದ ಕರಣಿಕರು ಕೇಳಿರಲಿಕ್ಕಿಲ್ಲ.

ಯುದ್ಧದ ಕಥೆಯನ್ನು ಚಿಕ್ಕದಾಗಿ ಹೇಳೋಣ. ಒಂದು ಕಡೆ ವಿಜಯಪುರದ ಅಲಿ ಆದಿಲ್ ಶಾಹ, ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ, ಗೋಲ್ಕೊಂಡೆಯ ಇಬ್ರಾಹಿಂ ಕುತುಬ್ ಶಾಹ, ಬೀದರಿನ ಅಲಿ ಬರೀದ್ ಶಾಹ, ಬೇರಾರಿನವರು ಸೇರಲಿಲ್ಲ. ಇನ್ನೊಂದು ಕಡೆ ಅಳಿಯ ರಾಮರಾಯ ಮತ್ತು ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ. ಸಿಂಹಾಸನದ ನಿಜವಾದ ಒಡೆಯ ಸದಾಶಿವರಾಯ ಹೆಸರಿಗಷ್ಟೇ ಅರಸನಾಗಿ ಕಾವಲಿನಲ್ಲಿದ್ದ. ಕೃಷ್ಣೆಯ ಹಾಯ್ಗಡವನ್ನು ವಿಜಯನಗರದವರು ಭದ್ರಪಡಿಸಿದ್ದರಿಂದ, ಸುಲ್ತಾನರು ದಂಡೆಯುದ್ದಕ್ಕೂ ಬೇರೆಲ್ಲೋ ದಾಟುವವರಂತೆ ಮೂರು ದಿನ ನಡೆದು, ಎದುರಾಳಿಯನ್ನು ಜಾಗದಿಂದ ಕದಲಿಸಿ, ರಾತ್ರೋರಾತ್ರಿ ಹಿಂದಿರುಗಿ ಅದೇ ಹಾಯ್ಗಡದಲ್ಲಿ ದಾಟಿದರು. ಯುದ್ಧದ ದಿನ ನಡುವಿನಲ್ಲಿದ್ದ ನಿಜಾಮ್ ಶಾಹನ ತೋಪುಖಾನೆ ನಿರ್ಣಾಯಕವಾಯಿತು: ಚಲಬಿ ರೂಮಿ ಖಾನನ ಕೈಕೆಳಗೆ 600 ತೋಪುಗಳು, ಒಂದೊಂದು ಸಾಲಿಗೆ 200ರಂತೆ ಮೂರು ಸಾಲು. ಶತ್ರುಗಳು ತೀರ ಹತ್ತಿರ ಬಂದಾಗ ಗುಂಡಿನ ಬದಲಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದರೆಂದು ಫೆರಿಷ್ತಾ ಬರೆಯುತ್ತಾನೆ. ಮುಪ್ಪಿನ ರಾಮರಾಯ ಪಲ್ಲಕ್ಕಿಯಲ್ಲಿದ್ದ. ಮದವೇರಿದ ಆನೆಯೊಂದು ನುಗ್ಗಿದಾಗ ಬೋಯಿಗಳು ಅವನನ್ನು ಕೆಳಗಿಳಿಸಿ ಓಡಿದರು. ಸೆರೆಸಿಕ್ಕ ಅವನ ತಲೆಯನ್ನು ಅಲ್ಲೇ ಕಡಿದು ಈಟಿಗೆ ಸಿಕ್ಕಿಸಿ ಎತ್ತಿ ತೋರಿಸಿದೊಡನೆ ಸೈನ್ಯ ಚದುರಿತು. ತಿರುಮಲ ರಾಜಧಾನಿಗೆ ಧಾವಿಸಿ, ಭಂಡಾರವನ್ನು ನೂರಾರು ಆನೆಗಳ ಮೇಲೆ ಹೇರಿಕೊಂಡು, ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಗೆ ಹೋದ. ಪಟ್ಟಣದ ಜನರನ್ನು ಕಾಯಲು ಯಾರೂ ಉಳಿಯಲಿಲ್ಲ. ಲಕ್ಷ ಜನ ಸತ್ತರೆಂಬ ಫೆರಿಷ್ತಾನ ಲೆಕ್ಕವನ್ನೂ, ಸೈನ್ಯಗಳನ್ನು ಲಕ್ಷಲಕ್ಷಗಳಲ್ಲಿ ಎಣಿಸುವ ಇತರರ ಲೆಕ್ಕಗಳನ್ನೂ ನಾವು ನಂಬಬೇಕಾಗಿಲ್ಲ. ಸಾವು ಬಹಳವಾಯಿತೆಂಬುದನ್ನು ನಂಬಲು ಅವು ಬೇಕಾಗಿಯೂ ಇಲ್ಲ.

ವಿಜಯಪುರದ ಪಶ್ಚಿಮ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನಮ್ಮ ಓದುಗರಲ್ಲಿ ಹಲವರು ನೋಡಿದ್ದಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದೆಂದು ಅದರ ಮೇಲಿನ ಬರಹ ಹೇಳುತ್ತದೆ. ತೂಕ ಸುಮಾರು 55 ಟನ್. ಬಾಯಿಯ ಎರಡೂ ಬದಿಗೆ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಈ ತೋಪು ತಾಳಿಕೋಟೆಯಲ್ಲಿ ಗರ್ಜಿಸಿತೆಂದು ಮಾರ್ಗದರ್ಶಿಗಳು ಪ್ರವಾಸಿಗರಿಗೆ ಹೇಳುತ್ತಾರೆ. ಇಷ್ಟು ಭಾರವನ್ನು ರಾತ್ರಿ ಹೊತ್ತು ಕೃಷ್ಣೆಯ ಹಾಯ್ಗಡದಲ್ಲಿ ದಾಟಿಸಿದ್ದನ್ನು ನಂಬುವುದು ನಮಗಂತೂ ಕಷ್ಟ. ಆದರೆ ಜನ ಯುದ್ಧಕ್ಕೊಂದು ಕಣ್ಣಿಗೆ ಕಾಣುವ ಗುರುತನ್ನು ಬಯಸುತ್ತಾರೆ. ಹೆಸರಿಟ್ಟ ಊರಿನಲ್ಲಿ ಯುದ್ಧವೇ ನಡೆಯದಿರುವಾಗ, ನಡೆದ ಜಾಗ ಹೊಲವಾಗಿರುವಾಗ, ಈ ತೋಪು ಆ ಸ್ಥಾನವನ್ನು ತುಂಬಿದೆ.

ಇನ್ನು ಯುವಕನ ಪ್ರಶ್ನೆಗೆ ಬರೋಣ. ಇದು ಧರ್ಮಯುದ್ಧವಾಗಿತ್ತೆ? ಹಾಗೆಂದು ಹೇಳಿದವರಲ್ಲಿ ಫೆರಿಷ್ತಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋದಾಗ ರಾಮರಾಯನ ಸೈನಿಕರು ಮಸೀದಿಗಳನ್ನು ಅಪವಿತ್ರಗೊಳಿಸಿದರು, ಸುಲ್ತಾನರ ರಾಯಭಾರಿಗಳನ್ನು ಹೀನಾಯವಾಗಿ ಕಂಡನು, ಆದ್ದರಿಂದ ಇಸ್ಲಾಮಿನ ಅರಸರು ಒಂದಾದರು ಎನ್ನುತ್ತಾನೆ. ಮುನ್ನೂರು ವರ್ಷಗಳ ಮೇಲೆ ಸೀವೆಲ್ ಅದೇ ಚಿತ್ರವನ್ನು ಮಗುಚಿ ಹಾಕಿ, ವಿಜಯನಗರವನ್ನು ಹಿಂದೂ ಧರ್ಮದ ತಡೆಗೋಡೆಯೆಂದು ಬಣ್ಣಿಸಿದ. ಒಬ್ಬನಿಗೆ ಗೆಲುವು, ಇನ್ನೊಬ್ಬನಿಗೆ ದುರಂತ. ಚೌಕಟ್ಟು ಮಾತ್ರ ಒಂದೇ. ತರಗತಿಯ ಎರಡೂ ಬೆಂಚುಗಳು ಕುಳಿತಿರುವುದು ಈ ಒಂದೇ ಚೌಕಟ್ಟಿನೊಳಗೆ.

ಆದರೆ ಆ ದಂಡಯಾತ್ರೆಯಲ್ಲಿ ರಾಮರಾಯನ ಪಕ್ಕದಲ್ಲಿ ಕುದುರೆಯೇರಿ ಅಹ್ಮದ್‌ನಗರಕ್ಕೆ ಹೋದವನು ಯಾರು? ಇದೇ ಅಲಿ ಆದಿಲ್ ಶಾಹ. ಪಟ್ಟಕ್ಕೆ ಬಂದ ಹೊಸತರಲ್ಲಿ, ರಾಮರಾಯನ ಮಗ ತೀರಿಕೊಂಡ ಸುದ್ದಿ ಕೇಳಿ, ನೂರು ಸವಾರರನ್ನಷ್ಟೇ ಕರೆದುಕೊಂಡು ವಿಜಯನಗರಕ್ಕೆ ದುಃಖ ವಿಚಾರಿಸಲು ಹೋದವನು ಇವನು. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಹೊರಡುವ ದಿನ ಊರ ಹೊರಗಿನವರೆಗೆ ಬಂದು ಕಳುಹಿಸುವ ಮರ್ಯಾದೆಯನ್ನು ರಾಮರಾಯ ತೋರದೆ ಹೋದದ್ದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತೆಂದೂ ಫೆರಿಷ್ತಾ ಬರೆದಿದ್ದಾನೆ. ಗೋಲ್ಕೊಂಡೆಯ ಇಬ್ರಾಹಿಂ ಕುತುಬ್ ಶಾಹ ಪಟ್ಟವೇರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ಆಶ್ರಿತನಾಗಿದ್ದ. ತೆಲುಗು ಕವಿಗಳು ಅವನನ್ನು ಮಲ್ಕಿಭರಾಮನೆಂದು ಹೊಗಳಿದ್ದಾರೆ. ರಾಮರಾಯ ತನ್ನ ಯೌವನದಲ್ಲಿ ಗೋಲ್ಕೊಂಡೆಯ ಸುಲ್ತಾನನ ಸೇವೆಯಲ್ಲಿದ್ದವನು. ಮುಸ್ಲಿಂ ಸರದಾರರು ತನಗೆ ವಂದಿಸುವಾಗ ಅವರ ಮನಸ್ಸಿಗೆ ಬಾಧೆಯಾಗದಿರಲೆಂದು ತನ್ನ ಪೀಠದ ಮುಂದೆ ಕುರಾನನ್ನು ಇಡಿಸುತ್ತಿದ್ದನೆಂಬ ಮಾತೂ ಇದೆ. ವಿಜಯನಗರದ ಅರಸರ ಬಿರುದಾವಳಿಯಲ್ಲೇ ‘ಹಿಂದೂರಾಯ ಸುರತ್ರಾಣ’ ಎಂಬುದಿತ್ತು, ಸುರತ್ರಾಣನೆಂದರೆ ಸುಲ್ತಾನ. ಸುಲ್ತಾನರ ಸೈನ್ಯಗಳಲ್ಲಿ ಮರಾಠ ಸವಾರರಿದ್ದರು.

ಒಕ್ಕೂಟ ಕೂಡಿದ್ದು ಹೇಗೆಂಬುದನ್ನು ನೋಡಿದರೂ ಅದರಲ್ಲಿ ಕಾಣುವುದು ಬೀಗತನ. ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟು ಮದುವೆ ಮಾಡಿದರು. ಬಹುಕಾಲದ ಜಗಳದ ಮೂಲವಾದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಅಲಿಯ ತಂಗಿಯನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟರು. ಒಬ್ಬರ ವಿರುದ್ಧ ಇನ್ನೊಬ್ಬರನ್ನು ಎತ್ತಿಕಟ್ಟಿ ಎರಡು ದಶಕ ದಖ್ಖನ್ನನ್ನು ಆಡಿಸಿದ ಮುದುಕನ ಎದುರು ಅವನಿಂದ ಆಡಿಸಿಕೊಂಡವರೆಲ್ಲ ಒಂದಾದರು. ಕಲ್ಯಾಣದ ಕೋಟೆಗಾಗಿ ನಡೆದ ಹೊಯ್ದಾಟ ಇದರ ಹಿಂದಿದೆ. ಚಾಲುಕ್ಯರ ಹಳೆಯ ರಾಜಧಾನಿಯ ಮೇಲಿನ ಹಕ್ಕು ಎರಡೂ ಕಡೆಯವರಿಗೆ ಬೇಕಿತ್ತು. ವಿಜಯಪುರದ ಅರಕಿಲ್ಲೆಯ ಬಾಗಿಲಲ್ಲಿ ಚಾಲುಕ್ಯರ ಕಾಲದ ಕಂಬಗಳು ಇಂದಿಗೂ ನಿಂತಿವೆ. ಮತವೊಂದೇ ಕಾರಣವಾಗಿದ್ದರೆ ಆ ಕಂಬಗಳಿಗೆ ಅಲ್ಲೇನು ಕೆಲಸ?

ಇದನ್ನೆಲ್ಲ ಹೇಳಿ, ಮತಕ್ಕೂ ಈ ಯುದ್ಧಕ್ಕೂ ಸಂಬಂಧವೇ ಇರಲಿಲ್ಲವೆಂದು ತೀರ್ಮಾನಿಸುವುದು ಇನ್ನೊಂದು ಬಗೆಯ ಅವಸರ. ದೇವಾಲಯಗಳು ಒಡೆದವು, ಮಸೀದಿಗಳು ಅವಮಾನಕ್ಕೊಳಗಾದವು; ದೇವರ ಹೆಸರನ್ನು ಕೂಗಿಯೇ ಜನ ಕೊಂದರು. ಗೋವೆಯಲ್ಲಿ ಪೋರ್ಚುಗೀಸರ ಚರಿತ್ರೆ ಬರೆದ ದಿಯೊಗೊ ದೊ ಕೋತೊ, ಯುದ್ಧದ ಕಾಲಕ್ಕೆ ಭಾರತದಲ್ಲೇ ಸೈನಿಕನಾಗಿದ್ದವನು, ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ರಾಮರಾಯ ಸೆರೆಯಾದ ಸುದ್ದಿ ತಿಳಿದು, ತಾನು ತಂದೆಯೆಂದು ಕರೆಯುತ್ತಿದ್ದವನನ್ನು ಬಿಡಿಸಿಕೊಳ್ಳಲು ಅಲಿ ಆದಿಲ್ ಶಾಹ ಧಾವಿಸಿದನಂತೆ. ಅವನು ಬಂದು ಮುಟ್ಟುವ ಮೊದಲೇ ನಿಜಾಮ್ ಶಾಹ ತನ್ನ ಕೈಯಿಂದಲೇ ಮುದುಕನ ತಲೆ ಕಡಿದು, ಸೇಡು ತೀರಿತು, ಇನ್ನು ದೇವರು ತನ್ನನ್ನು ಏನು ಮಾಡಿದರೂ ಸರಿಯೆಂದನಂತೆ. ಫೆರಿಷ್ತಾ ಹೇಳುವ ಕಥೆ ಹೀಗಿಲ್ಲ. ಆದರೆ ಕೋತೊನ ಮಾತು ನಿಜವಾಗಿದ್ದರೆ, ಅಂದು ರಣರಂಗದಲ್ಲಿ ದೇವರ ಬಗ್ಗೆ ಪ್ರಾಮಾಣಿಕವಾಗಿ ಮಾತನಾಡಿದವನು ಕತ್ತಿ ಹಿಡಿದವನೇ: ದೇವರು ತನ್ನ ಕಡೆ ಇದ್ದಾನೆಂದು ಅವನು ಹೇಳಿಕೊಳ್ಳಲಿಲ್ಲ.

ಈಗ ನಮ್ಮ ಮನೆಯ ಲೆಕ್ಕ. ಎರಡೂ ಬೆಂಚಿಗೆ ಸೇರದವರೆಂಬ ನೆಮ್ಮದಿ ಕ್ರೈಸ್ತರಿಗೆ ಉಂಟೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಗೋವೆ ಆದಿಲ್ ಶಾಹಿಗಳ ಕೈಯಿಂದ 1510ರಲ್ಲಿ ಪೋರ್ಚುಗೀಸರು ಕಸಿದುಕೊಂಡ ಪಟ್ಟಣ. ಅರಬಸ್ತಾನ, ಪರ್ಷಿಯಾಗಳಿಂದ ಹಡಗಿನಲ್ಲಿ ಬರುವ ಯುದ್ಧದ ಕುದುರೆಗಳು ಅಲ್ಲಿ ಇಳಿಯುತ್ತಿದ್ದವು. ಅವುಗಳ ಸುಂಕ ಗೋವೆಯ ಬೊಕ್ಕಸದ ಮುಖ್ಯ ಆದಾಯಗಳಲ್ಲೊಂದು. 1547ರಲ್ಲಿ ಗವರ್ನರ್ ಜೊವಾಂವ್ ದ ಕಾಸ್ತ್ರೊ ವಿಜಯನಗರದೊಡನೆ ಒಪ್ಪಂದ ಮಾಡಿಕೊಂಡು, ಕುದುರೆಗಳನ್ನು ಅವರಿಗೇ ಮಾರುವುದಾಗಿಯೂ ಆದಿಲ್ ಶಾಹನಿಗೆ ಮಾರುವುದಿಲ್ಲವಾಗಿಯೂ ಮಾತು ಕೊಟ್ಟ. ಮರುವರ್ಷವೇ ಅವನ ಉತ್ತರಾಧಿಕಾರಿ ಆದಿಲ್ ಶಾಹನೊಡನೆಯೂ ಶಾಂತಿ ಒಪ್ಪಂದ ಬರೆದುಕೊಂಡ. ಪದ್ರುವಾದೊ ವ್ಯವಸ್ಥೆಯಲ್ಲಿ ಧರ್ಮಪ್ರಾಂತ್ಯದ ಗುರುಗಳ ಜೀವನಾಂಶ ಬರುತ್ತಿದ್ದುದು ಅದೇ ಅರಸನ ಬೊಕ್ಕಸದಿಂದ. ಸಂತ ಫ್ರಾನ್ಸಿಸ್ ಕ್ಸೇವಿಯರರು ಗೋವೆಯಲ್ಲಿ ಕಾಲಿಟ್ಟದ್ದು 1542ರಲ್ಲಿ. ಅವರ ಪ್ರೇಷಿತ ಕಾರ್ಯದ ಪಕ್ಕದಲ್ಲೇ ಈ ಕುದುರೆಯ ಸುಂಕವೂ ನಡೆಯುತ್ತಿತ್ತು. 1558ರ ಸುಮಾರಿಗೆ, ಕ್ರೈಸ್ತ ಸನ್ಯಾಸಿಗಳು ದೇಗುಲಗಳನ್ನು ಕೆಡವಿದರೆಂಬ ದೂರಿನ ಮೇಲೆ ರಾಮರಾಯ ಮೈಲಾಪುರದ ಸಾಂ ತೊಮೆಗೆ ದಂಡೆತ್ತಿ ಹೋಗಿ, ಒಂದು ಲಕ್ಷ ವರಹ ದಂಡ ವಿಧಿಸಿ, ಒತ್ತೆಯಾಳುಗಳನ್ನು ಹಿಡಿದುಕೊಂಡು ಬಂದ. ಆ ದೂರು ಸುಳ್ಳಾಗಿತ್ತೆಂದು ಹೇಳಲು ನಮಗೆ ನಾಲಿಗೆ ಬಾರದು. ಗೋವೆಯ ಸುತ್ತಲಿನ ಹಳ್ಳಿಗಳಲ್ಲಿ ಅಂಥದ್ದು ನಡೆದದ್ದನ್ನು ನಮ್ಮವರೇ ಹೆಮ್ಮೆಯಿಂದ ಬರೆದಿಟ್ಟಿದ್ದಾರೆ.

ಇನ್ನೊಂದು ನೆನಪೂ ಇದೆ. 1561ರಲ್ಲಿ ಅಲಿ ಆದಿಲ್ ಶಾಹ ಕ್ರೈಸ್ತ ವಿಶ್ವಾಸದ ವಿಷಯ ಕೇಳಿ ತಿಳಿಯುವ ಇಚ್ಛೆಯಿಂದ ಗೋವೆಯ ಪಾದ್ರಿಗಳನ್ನು ಆಸ್ಥಾನಕ್ಕೆ ಕರೆಸಿಕೊಂಡ. ಯೇಸುಸಭೆಯ ಗೊನ್ಸಾಲೊ ರೊಡ್ರಿಗಸ್ ಹೀಗೆ ವಿಜಯಪುರಕ್ಕೆ ಬಂದವರು. ಗಗನ ಮಹಲು ಕಟ್ಟಿದ ವರ್ಷವೂ ಅದೇ. ಯುದ್ಧಕ್ಕೆ ನಾಲ್ಕು ವರ್ಷ ಮೊದಲು, ಯಾವ ನಗರದಲ್ಲಿ ದಂಡು ಕೂಡಿತೋ ಅದೇ ನಗರದಲ್ಲಿ, ದೇವರ ಕುರಿತು ಮಾತುಕತೆ ಸಾಧ್ಯವಿತ್ತು. ಮಾತುಕತೆ ಬೆಳೆಯಲಿಲ್ಲ. 1570ರಲ್ಲಿ ಅದೇ ಸುಲ್ತಾನ, ಅಹ್ಮದ್‌ನಗರದವರು ಚೌಲಿಗೆ ಮುತ್ತಿಗೆ ಹಾಕಿದ ಹೊತ್ತಿನಲ್ಲೇ, ಗೋವೆಗೆ ಮುತ್ತಿಗೆ ಹಾಕಿದ. 1571ರ ಕೊನೆಗೆ ಒಪ್ಪಂದವಾಯಿತು. ಆ ಹೊತ್ತಿಗೆ ಕೋತೊನ ದೊಡ್ಡ ಅಳಲು ಬೇರೆಯದೇ ಆಗಿತ್ತು: ವಿಜಯನಗರ ಬಿದ್ದದ್ದರಿಂದ ಕುದುರೆ, ಮಖಮಲ್ಲು, ರೇಷ್ಮೆಗಳ ವ್ಯಾಪಾರ ನಿಂತು ಗೋವೆಯ ಸುಂಕದ ಕಟ್ಟೆ ಬಡವಾಯಿತೆಂಬುದು. ಪಟ್ಟಣದಲ್ಲಿ ಸತ್ತವರಿಗಾಗಿ ಅವನು ಅಷ್ಟು ಮಾತು ಖರ್ಚು ಮಾಡುವುದಿಲ್ಲ.

ಪವಿತ್ರ ಗ್ರಂಥದಲ್ಲಿ ಈ ತೊಡಕಿಗೆ ಹತ್ತಿರವಾದ ಒಂದು ಉದಾಹರಣೆ ಇದೆ; ಗುರುಮಠದ ತರಗತಿಗಳಲ್ಲಿ ಇದನ್ನು ಇನ್ನಷ್ಟು ಓದಬೇಕೆಂದು ನಮ್ಮ ಬಿನ್ನಹ. ಧರ್ಮಿಷ್ಠ ಅರಸ ಯೋಷೀಯ ಮೆಗಿದ್ದೋವಿನಲ್ಲಿ ಫರೋಹ ನೆಕೋವಿನ ಕೈಯಲ್ಲಿ ಸತ್ತದ್ದನ್ನು ಅರಸುಗಳ ಎರಡನೆಯ ಗ್ರಂಥ (23:29) ಒಂದು ಒಣ ವಾಕ್ಯದಲ್ಲಿ ಹೇಳಿ ಸುಮ್ಮನಾಗುತ್ತದೆ. ಒಳ್ಳೆಯವನು ಯಾಕೆ ಸೋತನೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಬಹುಕಾಲದ ಮೇಲೆ ಬರೆದ ಪೂರ್ವಕಾಲದ ವೃತ್ತಾಂತದ ಕರ್ತೃವಿಗೆ (2 ಪೂರ್ವ. 35:20–24) ಆ ಮೌನವನ್ನು ಸಹಿಸಲಾಗಲಿಲ್ಲ, ನೆಕೋವಿನ ಬಾಯಿಂದ ಬಂದ ದೇವರ ಮಾತನ್ನು ಯೋಷೀಯ ಕೇಳದೆ ಹೋದನೆಂದು ಕಾರಣವನ್ನು ಸೇರಿಸಿದ. ಎರಡನ್ನೂ ಧರ್ಮಸಭೆ ದೇವರ ವಾಕ್ಯವೆಂದು ಸ್ವೀಕರಿಸಿದೆ. ಮೌನವನ್ನೂ ಸ್ವೀಕರಿಸಿದೆ ಎಂಬುದನ್ನು ನಾವು ಮರೆಯುತ್ತೇವೆ. ಫೆರಿಷ್ತಾ, ಸೀವೆಲ್, ಕೋತೊ ಮೂವರೂ ವೃತ್ತಾಂತಕಾರನ ಹಾದಿಯವರು: ಸೋಲಿಗೆ ಕಾರಣವೊಂದಿರಲೇಬೇಕು, ಅದು ಸೋತವನ ಒಳಗೇ ಸಿಗಬೇಕು. 410ರಲ್ಲಿ ರೋಮ್ ಕೊಳ್ಳೆಹೋದಾಗ ಸಂತ ಅಗಸ್ಟೀನರಿಗೆ ಎದುರಾದದ್ದೂ ಇದೇ ಒತ್ತಾಯ. ಒಳ್ಳೆಯವರೂ ಕೆಟ್ಟವರೂ ಒಂದೇ ಕೊಳ್ಳೆಯಲ್ಲಿ ನರಳಿದರೆಂಬುದನ್ನು ಅವರು ಮೊದಲ ಪುಟಗಳಲ್ಲೇ ಒಪ್ಪಿಕೊಂಡು ಮುಂದೆ ಹೋದರು.

ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯ ಮುಂದೆ ಜನ ಇಡುವ ಪ್ರಶ್ನೆ ಟಿಕೋಟದ ಯುವಕನದೇ. ಪಿಲಾತನು ಬಲಿಯ ಹೊತ್ತಿನಲ್ಲಿ ಕೊಲ್ಲಿಸಿದ ಗಲಿಲೇಯದವರು ಹೆಚ್ಚಿನ ಪಾಪಿಗಳೆ? ಸಿಲೊವಾಂ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ? ಇಲ್ಲವೆಂದು ಅವರು ಎರಡು ಸಲ ಹೇಳುತ್ತಾರೆ, ಕಾರಣವನ್ನು ಮಾತ್ರ ಕೊಡುವುದಿಲ್ಲ. ಪ್ರಶ್ನೆ ಕೇಳಿದವರನ್ನೇ ದೇವರಿಗೆ ಅಭಿಮುಖರಾಗಲು ಕರೆಯುತ್ತಾರೆ. ಸತ್ತವರ ಸಂಖ್ಯೆ ಅಲ್ಲಿ ಹದಿನೆಂಟೆಂದು ಸ್ಪಷ್ಟವಾಗಿದೆ. ತಾಳಿಕೋಟೆಯ ಸತ್ತವರಿಗೆ ನಂಬಬಹುದಾದ ಒಂದು ಸಂಖ್ಯೆಯೂ ಇಲ್ಲ. ಯುವಕನಿಗೆ ಅಂದು ಇದನ್ನು ಓದಿ ಹೇಳಬೇಕಿತ್ತು. ಬಬಲೇಶ್ವರದ ದಾರಿಯಲ್ಲಿ ಹಿಂದಿರುಗುವಾಗ, ಇಕ್ಕೆಲದಲ್ಲೂ ತೆನೆ ಬಾಗಿ ನಿಂತ ಜೋಳ ನೋಡಿದ ಮೇಲೆ ನಮಗದು ಹೊಳೆಯಿತು. ಬಳಿಕ ಅವನಿಗೆ ಪತ್ರ ಬರೆದೆವು. ಆ ಪತ್ರದ ಕೊನೆಯಲ್ಲಿ ಸೇರಿಸಿದ್ದನ್ನು ಇಲ್ಲಿಯೂ ಸೇರಿಸುತ್ತೇವೆ.

ವೆನಿಸಿನ ವರ್ತಕ ಚೆಸರೆ ಫೆದೆರಿಚಿ, ನಮ್ಮ ಪುಸ್ತಕಗಳಲ್ಲಿ ಸೀಜರ್ ಫ್ರೆಡರಿಕ್, ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ ವಿಜಯನಗರಕ್ಕೆ ಬಂದ. ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ದಳಪತಿಗಳ ದ್ರೋಹದಿಂದ ಸೋಲಾಯಿತೆಂದು ಅವನು ಕೇಳಿ ಬರೆದುಕೊಂಡ. ಫೆರಿಷ್ತಾನಲ್ಲಿ ಈ ಮಾತಿಲ್ಲ. ಕಣ್ಣಾರೆ ಕಂಡದ್ದನ್ನೂ ಬರೆದ: ಮನೆಗಳು ಇನ್ನೂ ನಿಂತಿದ್ದವು, ಒಳಗೆ ಹುಲಿ ಮೊದಲಾದ ಕಾಡುಮೃಗಗಳ ಹೊರತು ಯಾರೂ ಇರಲಿಲ್ಲ. ಮರಳಿ ಬಂದ ತಿರುಮಲ ಪಟ್ಟಣವನ್ನು ಎತ್ತಿ ನಿಲ್ಲಿಸಲು ನೋಡುತ್ತಿದ್ದ. ಕುದುರೆ ವರ್ತಕರನ್ನು ಒಳ್ಳೆಯ ಬೆಲೆಯ ಆಸೆ ತೋರಿಸಿ ಕರೆಸಿಕೊಂಡು, ಕುದುರೆಗಳನ್ನು ಇಟ್ಟುಕೊಂಡು, ಹಣ ಕೊಡದೆ ಕಳುಹಿಸಿದ. ದಾರಿಗಳಲ್ಲಿ ಕಳ್ಳರಿದ್ದುದರಿಂದ ಫೆದೆರಿಚಿ ಒಂದು ತಿಂಗಳ ಕೆಲಸಕ್ಕೆ ಏಳು ತಿಂಗಳು ಅಲ್ಲೇ ಉಳಿಯಬೇಕಾಯಿತು. ಕೊನೆಗೆ ಕರಾವಳಿಯ ಕಡೆಗೆ ಹೊರಟಾಗ ದಿನಕ್ಕೊಬ್ಬ ನಾಯಕನ ಸೀಮೆಯನ್ನು ದಾಟಬೇಕಿತ್ತು. ಎಲ್ಲರೂ ಹೆಸರಿಗೆ ವಿಜಯನಗರದ ಸಾಮಂತರೇ. ಆದರೆ ಪ್ರತಿಯೊಬ್ಬನೂ ತನ್ನದೇ ತಾಮ್ರದ ಕಾಸನ್ನು ಅಚ್ಚು ಹಾಕಿಸಿದ್ದ, ಮತ್ತು ಇವತ್ತು ಕೈಗೆ ಬಂದ ಕಾಸು ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ.